ಆಮೆ ಮೇಷ್ಟ್ರು, ಚಿತ್ತಮ್ಮನ ಹೆಜ್ಜೆ

ತೀರಿಕೊಂಡವರ ಬಗ್ಗೆ ಬರೆಯುವವರಿಗೆ ಕೆಟ್ಟದ್ದನ್ನು ಸೋಸಿ ಒಳ್ಳೆಯದನ್ನಷ್ಟೇ ಉಳಿಸಿಕೊಳ್ಳುವ ಕಷ್ಟವೊಂದು ಇರುತ್ತದೆ. ನನಗೆ ಆ ಕಷ್ಟ ಇಲ್ಲ. ಇವರ ಬಗ್ಗೆ ಹೇಳಲು ನನ್ನ ಹತ್ತಿರ ಕೆಟ್ಟ ಮಾತು ಒಂದೂ ಇಲ್ಲ. ಈ ಬರಹದಲ್ಲಿ ಕೆಟ್ಟದ್ದೇನಾದರೂ ಕಂಡರೆ ಅದು ನನ್ನದು ಎಂದು ಮೊದಲೇ ಹೇಳಿಬಿಡುತ್ತೇನೆ. ಹೆಸರನ್ನೂ ಬರೆಯುವುದಿಲ್ಲ. ಆ ಊರಿನಲ್ಲಿ ಅವರ ಹೆಸರೆತ್ತಿದರೆ ಇವತ್ತಿಗೂ ಯಾರಾದರೊಬ್ಬರು ಮೂಗು ಮುರಿಯುತ್ತಾರೆ, ಅದಕ್ಕೆ ಕಾರಣ ನಾನು. ಮಕ್ಕಳು ಅವರನ್ನು ಆಮೆ ಮೇಷ್ಟ್ರು ಅನ್ನುತ್ತಿದ್ದರು. ಅಷ್ಟು ಸಾಕು.

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನನಗೆ ಮೊದಲ ಕೆಲಸ ಸಿಕ್ಕಿದ್ದು ಸಿರಾ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ತಾವರೆಕೆರೆಯಲ್ಲಿ ಬಸ್ಸಿಳಿದು ಒಂದು ಗಂಟೆ ನಡೆಯಬೇಕು. ನಾನು ಮಧುಗಿರಿ ಪೇಟೆಯಲ್ಲಿ ಹುಟ್ಟಿ ಬೆಳೆದವಳು. ಆ ದಾರಿಯ ಬಿಸಿಲು, ಜಾಲಿ ಮುಳ್ಳು, ಎದುರಾಗುವ ಕುರಿಮಂದೆ ಎಲ್ಲವೂ ನನಗೆ ಯಾರೋ ಬೇಕೆಂದೇ ಮಾಡಿದ ಅವಮಾನದ ಹಾಗೆ ಕಂಡವು. ಹೊಸ ಸೀರೆ, ಹೊಸ ಚಪ್ಪಲಿ, ಕೈಯಲ್ಲಿ ಆರ್ಡರಿನ ಪ್ರತಿ ಹಿಡಿದು ಶಾಲೆ ಮುಟ್ಟಿದರೆ ಒಳಗೆ ಒಂದು ನರಪಿಳ್ಳೆಯೂ ಇಲ್ಲ. ಬಾಗಿಲು ಮಾತ್ರ ತೆರೆದಿತ್ತು. ಒಂದು ಮುದುಕಿ ಜಗಲಿಯ ಮೇಲೆ ಹುಣಸೆ ಬೀಜ ಕುಟ್ಟುತ್ತಿದ್ದಳು.

"ಮೇಷ್ಟ್ರು ಎಲ್ಲಿ?"

"ಇಸ್ಕೂಲ್ ಕೆರೆಗೆ ಓಗೈತೆ" ಅಂದಳು ಮುದುಕಿ, ತಲೆ ಎತ್ತದೆ.

ಹೋಗಿ ನೋಡಿದರೆ ನಿಜಕ್ಕೂ ಶಾಲೆ ಕೆರೆಯಲ್ಲಿತ್ತು. ಇಪ್ಪತ್ತು ಮೂವತ್ತು ಮಕ್ಕಳು ಕೆಸರಿನ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದವು. ಮಧ್ಯದಲ್ಲಿ ಒಬ್ಬ ಸಣಕಲು ಮನುಷ್ಯ, ಪ್ಯಾಂಟು ಮೊಣಕಾಲಿನವರೆಗೆ ಮಡಚಿಕೊಂಡು, ಅಂಗೈಯಷ್ಟು ದೊಡ್ಡ ಆಮೆಯೊಂದನ್ನು ಎರಡು ಕೈಯಲ್ಲಿ ಎತ್ತಿ ಹಿಡಿದಿದ್ದರು. ಅದರ ಬೆನ್ನಿನ ಮೇಲೆ ಹಳದಿ ಚುಕ್ಕೆಗಳಿದ್ದವು. ನನ್ನನ್ನು ನೋಡಿ ಆಮೆಯನ್ನು ಕೆಳಗಿಡದೆಯೇ ನಮಸ್ಕಾರ ಮಾಡಲು ಹೋದರು, ಆಗಲಿಲ್ಲ, ತಲೆ ಬಗ್ಗಿಸಿ ಬಿಟ್ಟರು.

"ರಾ ಅಮ್ಮಾ, ಬನ್ನಿ, ಚಪ್ಪಲಿ ಅಲ್ಲೇ ಬಿಡಿ. ಮೂರನೇ ಕ್ಲಾಸು ನಡೀತಾ ಐತೆ."

ಅವರು ಪಾವಗಡದ ಕಡೆಯವರು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಆದರೆ ಖುಷಿಯಾದಾಗ, ಗಾಬರಿಯಾದಾಗ ಆ ಗೋಡೆ ಬಿದ್ದುಹೋಗುತ್ತಿತ್ತು. "ಅಬ್ಬಾ, ಏಮಿ ರಾ ಇದಿ!" ಅನ್ನುವುದನ್ನು ಮಕ್ಕಳು ಬೆನ್ನ ಹಿಂದೆ ಅನುಕರಿಸಿ ನಗುತ್ತಿದ್ದವು. ಜೇಬಿನ ತುಂಬ ಕಡಲೆಕಾಯಿ ಇರುತ್ತಿತ್ತು, ಊರಿಂದ ತಂದದ್ದು. ಸರಿ ಉತ್ತರ ಹೇಳಿದ ಮಗುವಿಗೆ ಒಂದು ಕಾಯಿ, ತಪ್ಪು ಹೇಳಿದರೂ ತಾನೇ ಯೋಚಿಸಿ ಹೇಳಿದ ಮಗುವಿಗೆ ಎರಡು. ಈ ಲೆಕ್ಕ ನನಗೆ ಬಹಳ ದಿನ ಅರ್ಥವಾಗಲಿಲ್ಲ. ಅವರು ಹೊಡೆದದ್ದನ್ನು ನಾನು ನೋಡಿಲ್ಲ. ಸಿಟ್ಟು ಬಂದರೆ ಮಾತು ನಿಲ್ಲಿಸಿ, ಮೂಲೆಯಲ್ಲಿದ್ದ ಹಿತ್ತಾಳೆ ಕೊಡ ತಗೊಂಡು ಬಾವಿಗೆ ಹೋಗಿಬಿಡುತ್ತಿದ್ದರು. ನೀರು ಸೇದಿ, ಹೊತ್ತು ತಂದು, ಹಂಡೆಗೆ ಸುರಿದು ಕೈ ಒರೆಸಿಕೊಳ್ಳುವಷ್ಟರಲ್ಲಿ ಸಿಟ್ಟು ಇಳಿದಿರುತ್ತಿತ್ತು. ಹಂಡೆ ತುಂಬಿದ ದಿನ ಮಕ್ಕಳು ತಲೆ ತಗ್ಗಿಸಿಕೊಂಡು ಕೂರುತ್ತಿದ್ದವು. ನನ್ನ ಕೈಯಲ್ಲಿ ಮಾತ್ರ ಯಾವಾಗಲೂ ಬೆತ್ತ ಇರುತ್ತಿತ್ತು.

ಆಮೆಯ ಹುಚ್ಚು ಅವರಿಗೆ ಹಿಡಿದದ್ದು ನಾನು ಬರುವ ಹಿಂದಿನ ಬೇಸಿಗೆಯಲ್ಲಂತೆ. ಆ ಕಡೆ ಬೇಸಿಗೆಯಲ್ಲಿ ಕೆರೆ ಒಣಗಿದ ಮೇಲೆ ರೈತರು ಗಾಡಿ ಕಟ್ಟಿಕೊಂಡು ಕೆರೆಗಿಳಿದು ತಳದ ಗೋಡು ಅಗೆದು ಹೊಲಕ್ಕೆ ಹೊಡೆಯುತ್ತಾರೆ. ವರ್ಷವಿಡೀ ನೀರಿನ ಅಡಿ ಕೂತ ಆ ಕಪ್ಪು ಮಣ್ಣು ಬಿದ್ದರೆ ರಾಗಿ ಆಳೆತ್ತರ ಬರುತ್ತದೆ. ಅದೇ ಗೋಡಿನೊಳಗೆ ಆಮೆಗಳು ನೀರು ಇಂಗುವಾಗ ಹೂತುಕೊಂಡು, ಮಳೆ ಬರುವ ತನಕ ಉಸಿರು ಸಣ್ಣ ಮಾಡಿ ಮಲಗಿರುತ್ತವೆ. ಗುದ್ದಲಿ ಬಿದ್ದರೆ ಮುಗಿಯಿತು. ಒಂದು ದಿನ ಹೀಗೆ ಬೆನ್ನು ಸೀಳಿದ ಆಮೆಯೊಂದನ್ನು ಮೇಷ್ಟ್ರು ಎತ್ತಿಕೊಂಡು ಶಾಲೆಗೆ ತಂದರು. ಮಕ್ಕಳೆಲ್ಲ ಸೇರಿ ಅರಿಶಿನ ಎಣ್ಣೆ ಹಚ್ಚಿ, ಒದ್ದೆ ಗೋಣಿಯ ಮೇಲೆ ಇಟ್ಟು ನೋಡಿಕೊಂಡವು. ಮೂರನೇ ದಿನ ಅದು ಸತ್ತಿತು. ಇನ್ನೊಬ್ಬರಾಗಿದ್ದರೆ ಮಕ್ಕಳಿಗೆ ಗೊತ್ತಾಗದ ಹಾಗೆ ಎಸೆದು, ಕೆರೆಗೆ ಹೋಯಿತು ಅಂದಿರುತ್ತಿದ್ದರು. ಇವರು ಮಕ್ಕಳ ಕೈಲೇ ಮಣ್ಣು ಮಾಡಿಸಿದರು. ಆಮೇಲೆ ಎಲ್ಲರಿಗೂ ಕಂಡದ್ದನ್ನು ಕಂಡ ಹಾಗೆ ಬರೆಯಲು ಹೇಳಿದರು.

ನಾನು ಕೇಳಿದ್ದೇನೆ, ಇದೆಲ್ಲ ಯಾಕೆ ಸಾರ್ ಅಂತ. ಆಮೆ ಮನೆಗೆ ಹೊಕ್ಕರೆ ಅಪಶಕುನ ಎಂದು ಶಾಂತಿ ಮಾಡಿಸುವ ಊರು ಅದು. ಅವರು ಮಕ್ಕಳ ಮುಂದೆಯೇ, ಹಾಜರಿ ಕೂಗುವಷ್ಟು ಸಲೀಸಾಗಿ ಹೇಳಿದರು:

"ನಮ್ಮೂರ ಕೆರೇಲಿ ನಾನು ಸಣ್ಣೋನಿದ್ದಾಗ ಬೇಕಾದಷ್ಟು ಇದ್ದವು ಕಣಮ್ಮ. ನಮ್ಮ ನಾಯಿನ, ಅಂದ್ರೆ ನಮ್ಮಪ್ಪ, ಬೇಸಿಗೇಲಿ ಕಬ್ಬಿಣದ ಕಂಬಿ ಹಿಡ್ಕೊಂಡು ಒಣಗಿದ ಕೆರೆಗೆ ಇಳೀತಿದ್ದ. ಕಂಬಿ ಚುಚ್ಚಿ ಚುಚ್ಚಿ ನೋಡೋದು. ಕಲ್ಲಿಗೆ ತಾಗಿದ್ರೆ ಒಂದು ಸದ್ದು, ತಾಬೇಲಿಗೆ, ಈ ಆಮೆಗೆ, ತಾಗಿದ್ರೆ ಇನ್ನೊಂದು ಸದ್ದು. ಆ ಸದ್ದು ನನಗೂ ಗೊತ್ತು. ನಾನೂ ಕಂಬಿ ಹಿಡಿದೋನೇ. ಮೂಟೆ ಮೂಟೆ ತಂದು ತಿಂದ್ವಿ, ಸಂತೆಗೆ ಹಾಕಿದ್ವಿ. ಈಗ ಅಲ್ಲಿ ಒಂದು ಇಲ್ಲ. ನಾವೇ ಖಾಲಿ ಮಾಡಿದ್ದು."

ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದವು. ನನಗೆ ಮುಜುಗರವಾಯಿತು. ಮೇಷ್ಟ್ರಾದವನು ತನ್ನ ಮನೆಯ ಇಂಥ ಸಂಗತಿಯನ್ನು ಮಕ್ಕಳ ಮುಂದೆ ಹೇಳಿಕೊಳ್ಳಬಾರದು ಅಂತ ಒಳಗೊಳಗೇ ಅಂದುಕೊಂಡೆ. ತಪ್ಪನ್ನು ಹಾಗೆ ಹಗುರಾಗಿ ಬಾಯಿಬಿಟ್ಟು ಹೇಳಬಹುದು ಅನ್ನುವುದೇ ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಹಾಗೆ ಹೇಳಿದ್ದನ್ನು ನಾನು ಕೇಳಿರಲಿಲ್ಲ.

ಅವರು ಪಾಠ ಮಾಡುತ್ತಿದ್ದ ಕ್ರಮವೂ ಬೇರೆಯೇ. ಆಮೆಯನ್ನು ಉಳಿಸಿ ಅಂತ ಬೋರ್ಡಿನ ಮೇಲೆ ಒಮ್ಮೆಯೂ ಬರೆಯಲಿಲ್ಲ. ಮಕ್ಕಳಿಗೆ ಕೆಲಸ ಕೊಟ್ಟರು. ಕೆರೆಯ ನೀರು ಇಂಗುತ್ತಾ ಬಂದು ಒಂದು ಮಡುವಾದಾಗ ದಿನಾ ಸಂಜೆ ಹೋಗಿ, ಕೆಸರಿನ ಮೇಲೆ ಆಮೆ ಹೋದ ಜಾಡು ಹುಡುಕಬೇಕು. ಜಾಡು ಎಲ್ಲಿ ನಿಂತಿತೋ ಅಲ್ಲಿ ಬೆರಳು ಹೋಗುವಷ್ಟು ಉಸಿರು ತೂತು ಇದೆಯೇ ನೋಡಬೇಕು. ಇದ್ದರೆ ಅಲ್ಲೊಂದು ಆಮೆ ಮಲಗಿದೆ ಅಂತ ಲೆಕ್ಕ. ಅದನ್ನು ಶಾಲೆಯಲ್ಲಿ ಬರೆದಿಟ್ಟ ಕೆರೆಯ ಪಟದಲ್ಲಿ ಗುರುತು ಹಾಕಬೇಕು. ನೆಲದ ಮೇಲೆ ಕಡ್ಡಿ ನೆಡುವುದು, ಸುಣ್ಣ ಹಾಕುವುದು ಕೂಡದು. ಕದಿಯುವವನಿಗೂ ಅದೇ ಗುರುತಾಗುತ್ತದೆ. ಗೋಡು ಹೊಡೆಯುವ ಕಾಲ ಬಂದಾಗ ದಿನಕ್ಕಿಬ್ಬರು ಮಕ್ಕಳು ಗಾಡಿಗಳ ಹತ್ತಿರ ನಿಂತು, "ಮಾವ, ಇಲ್ಲಿ ಬ್ಯಾಡ, ಅತ್ಲಾಗೆ ಅಗೀರಿ" ಅನ್ನಬೇಕು. ಗಾಡಿಯವರು ಮೊದಮೊದಲು ಬೈದರು. ಆದರೆ ಹೇಳುತ್ತಿದ್ದದ್ದು ಅವರವರದೇ ಮಕ್ಕಳು. ಒಬ್ಬ ಗೌಡನಂತೂ ತನ್ನ ಮಗಳ ಗದ್ದಲಕ್ಕೆ ಸೋತು, "ತಗಳವ್ವ, ನಿಮ್ಮೇಷ್ಟ್ರು ಆಮೆಗೆ ಹಾಸಿಗೆ ಬುಟ್ಟುಕೊಟ್ಟು ನಾವು ಕಲ್ಲು ಹೊಡ್ಕಂತೀವಿ" ಅಂತ ಗಾಡಿ ತಿರುಗಿಸಿದ. ಒಳ್ಳೆಯ ಗೋಡು ಇದ್ದದ್ದೂ ಆ ಮಡುವಿನ ತಳದಲ್ಲೇ. ಆ ಅಸಮಾಧಾನ ಊರಿನಲ್ಲಿ ಒಳಗೊಳಗೇ ಉಳಿಯಿತು.

ಪಟಕ್ಕೊಂದು ಅಳತೆ ಬೇಕಲ್ಲ. ಅಲ್ಲಿ ಮೇಷ್ಟ್ರ ತಲೆ ಓಡಿತು. ನಾಲ್ಕನೇ ಕ್ಲಾಸಿನಲ್ಲಿ ಚಿತ್ತಮ್ಮ ಅಂತ ಒಬ್ಬಳಿದ್ದಳು, ಊರಾಚೆ ಹಟ್ಟಿಯ ಹುಡುಗಿ, ಕುರಿ ಕಾಯುವವರ ಮನೆಯವಳು. ಸಣ್ಣ ಆಳು, ಒಣಗಿದ ಕೂದಲು, ಮಾತು ಕಡಿಮೆ. ಒಂದು ದಿನ ಎಲ್ಲ ಮಕ್ಕಳನ್ನೂ ಜಗಲಿಯ ಈ ತುದಿಯಿಂದ ಆ ತುದಿಗೆ ಮೂರು ಮೂರು ಸಲ ನಡೆಸಿ ಹೆಜ್ಜೆ ಎಣಿಸಿದರು. ಎಲ್ಲರದ್ದೂ ಒಂದೊಂದು ಸಲ ಒಂದೊಂದು ಲೆಕ್ಕ ಬಂತು. ಚಿತ್ತಮ್ಮನದು ಮೂರು ಸಲವೂ ಒಂದೇ. ಮಂದೆಯ ಹಿಂದೆ ನಡೆದು ನಡೆದು ಅವಳ ಕಾಲಿಗೆ ಅಳತೆ ಬಂದಿತ್ತು. ಅವತ್ತಿನಿಂದ ಪಟದಲ್ಲಿ ಅಡಿ, ಗಜ ಯಾವುದೂ ಇಲ್ಲ. ತೂಬಿನ ಕಲ್ಲಿನಿಂದ ಹೊಂಗೆಮರದ ಕಡೆಗೆ ಚಿತ್ತಮ್ಮನ ಹೆಜ್ಜೆ ಇಷ್ಟು, ಅಲ್ಲಿಂದ ಎಡಕ್ಕೆ ಇಷ್ಟು, ಹೀಗೆ.

"ಗಜ ಅಂತ ಬರೆದ್ರೆ ಯಾರು ಬೇಕಾದ್ರೂ ಅಳೀತಾರೆ" ಅಂದರು ಮೇಷ್ಟ್ರು. "ಹಿಂಗೆ ಬರೆದ್ರೆ ಚಿತ್ತಮ್ಮನೇ ಬರಬೇಕು. ಏಮ್ಮಾ ಚಿತ್ತಮ್ಮಾ, ಬರ್ತೀಯಲ್ಲ?"

ಚಿತ್ತಮ್ಮ ನೆಲ ನೋಡಿಕೊಂಡು ನಕ್ಕಳು. ಆ ವಾರವಿಡೀ ಅವಳ ನಡಿಗೆಯಲ್ಲಿ ಒಂದು ಠೀವಿ ಇತ್ತು. ಪಟ ಶಾಲೆಯ ಬೀರುವಿನಲ್ಲಿ, ಹಾಜರಿ ಪುಸ್ತಕದ ಅಡಿ ಇರುತ್ತಿತ್ತು. ಅದು ಶಾಲೆ ದಾಟಬಾರದು ಎಂಬುದೊಂದೇ ಅವರು ಹಾಕಿದ ಕಟ್ಟಳೆ. ಒಂದನೇ ಕ್ಲಾಸಿನ ಮಗುವಿಗೂ ಅದು ಗೊತ್ತಿತ್ತು.

ನನಗೂ ಗೊತ್ತಿತ್ತು.

ನಾನು ಆ ಊರಿಗೆ ಬಂದ ದಿನದಿಂದ ಮಧುಗಿರಿಗೆ ವರ್ಗ ಮಾಡಿಸಿಕೊಳ್ಳುವುದನ್ನು ಬಿಟ್ಟು ಬೇರೇನನ್ನೂ ಯೋಚಿಸಿದವಳಲ್ಲ. ಮೂರನೇ ವರ್ಷ ಕೆರೆ ಸಂಕ್ರಾಂತಿಗೇ ಇಂಗಿ, ಪಟದಲ್ಲಿ ಮೂವತ್ತೊಂದು ಆಮೆ ಗುರುತಾಗಿದ್ದವು. ಶಿವರಾತ್ರಿಯ ಹಿಂದುಮುಂದು ಸಿರಾದಲ್ಲಿ ತಾಲ್ಲೂಕಿನ ಶಾಲೆಗಳಿಗೆ ವಿಜ್ಞಾನ ವಸ್ತುಪ್ರದರ್ಶನ ಇದೆ ಎಂದು ಸುತ್ತೋಲೆ ಬಂತು. ದೊಡ್ಡ ಸಾಹೇಬರು ಬರುತ್ತಾರೆ ಅಂತಲೂ ಇತ್ತು. ಅದೇ ವಾರ ಮೇಷ್ಟ್ರಿಗೆ ಅವರ ತಾಯಿಯ ಕಾಯಿಲೆಯ ಸುದ್ದಿ ಬಂದು ಪಾವಗಡಕ್ಕೆ ಹೊರಟರು. ಹೋಗುವಾಗ ಬೀರುವಿನ ಬೀಗದ ಕೈಯನ್ನು ನನ್ನ ಕೈಗಿತ್ತು, "ಅಮ್ಮಾ, ಪಟದಲ್ಲಿ ಹೊಸದು ಕಂಡ್ರೆ ಮಕ್ಕಳ ಕೈಲಿ ಹಾಕಿಸಿ" ಅಂದರು.

ನಾನು ಪಟವನ್ನು ಸುರುಳಿ ಸುತ್ತಿ, ಚಿತ್ತಮ್ಮನನ್ನು ಕರೆದುಕೊಂಡು ಸಿರಾಕ್ಕೆ ಹೋದೆ. ಅವಳ ತಾಯಿಗೆ ಪ್ರದರ್ಶನ ತೋರಿಸಿಕೊಂಡು ಬರ್ತೀನಿ ಅಂದಿದ್ದೆ. ದಾರಿಯಲ್ಲಿ ಚಿತ್ತಮ್ಮ ನನ್ನ ಬಗಲಲ್ಲಿದ್ದ ಸುರುಳಿಯನ್ನೇ ನೋಡುತ್ತಿದ್ದಳು. "ಮೇಡಂ, ಸಾರು ಬ್ಯಾಡ ಅಂದವ್ರೆ" ಅಂದಳು ಒಂದು ಸಲ. "ನಾನು ಹೇಳ್ತೀನಿ ಬಿಡು ಅವರಿಗೆ" ಅಂದೆ.

ಒಂದು ಹೈಸ್ಕೂಲಿನ ಹಾಲು. ಕಡಪ ಕಲ್ಲಿನ ನೆಲ. ನಮ್ಮ ಪಟದ ಮುಂದೆ ಜನ ಸೇರಿತು. ಸಾಹೇಬರು ನಿಂತು ನೋಡಿ, "ಭೇಷ್" ಅಂದು, ನನ್ನ ಹೆಸರು ಕೇಳಿ ಡೈರಿಯಲ್ಲಿ ಬರೆದುಕೊಂಡರು. ಮೇಷ್ಟ್ರ ಹೆಸರನ್ನು ನಾನು ಹೇಳಲಿಲ್ಲ. ಮಧ್ಯಾಹ್ನದ ಮೇಲೆ ಜನ ತೆಳುವಾದಾಗ ಒಬ್ಬ ಮನುಷ್ಯ ಬಂದ. ನಲವತ್ತರ ಆಸುಪಾಸು, ಇಸ್ತ್ರಿ ಅಂಗಿ, ಜೇಬಿನಲ್ಲಿ ಪೆನ್ನು. ಯಾವುದೋ ಶಾಲೆಯ ಮೇಷ್ಟ್ರೇ ಇರಬೇಕು ಅಂದುಕೊಂಡೆ. ಪಟವನ್ನು ತುಂಬ ಹೊತ್ತು ನೋಡಿ, ಚೀಟಿಯಲ್ಲಿ ಏನೇನೋ ಬರೆದುಕೊಂಡ. ಆಮೇಲೆ ನಕ್ಕ.

"ಚೆಂದಾಗೈತೆ ಮೇಡಂ. ಆದ್ರೆ ಹೆಜ್ಜೆ ಅಂದ್ರೆ ಅದೇನ್ ಅಳತೆ? ಮಕ್ಳು ಏನೇನೋ ಬರೀತವೆ ಬುಡಿ, ಲೆಕ್ಕಕ್ಕೆ ಬರಲ್ಲ."

ನನಗೆ ಚುರ್ ಅಂದಿತು. ನಮ್ಮ ಶಾಲೆಯ ಕೆಲಸವನ್ನು ಆಟ ಅಂದುಬಿಟ್ಟನಲ್ಲ ಅಂತ. "ಲೆಕ್ಕಕ್ಕೆ ಬರಲ್ವಾ? ನೋಡಿ ಬೇಕಾದರೆ" ಅಂದು ಚಿತ್ತಮ್ಮನ ಭುಜ ಹಿಡಿದು ಮುಂದೆ ತಂದೆ. "ನಡಿ ಚಿತ್ತಮ್ಮ, ಈ ಗೋಡೆಯಿಂದ ಆ ಗೋಡೆಗೆ."

ಅವಳು ನನ್ನ ಮುಖ ನೋಡಿದಳು. ನಾನು ಕಣ್ಣು ದೊಡ್ಡದು ಮಾಡಿದೆ. ನಡೆದಳು. ಮೂರು ಸಲ ನಡೆಸಿದೆ, ಮೂರು ಸಲವೂ ಒಂದೇ ಎಣಿಕೆ. ಆ ಮನುಷ್ಯ ನೆಲದ ಒಂದೇ ಅಳತೆಯ ಕಲ್ಲುಗಳನ್ನು ನೋಡುತ್ತಾ, ಎಣಿಸುವವನ ಹಾಗೆ ತುಟಿ ಅಲ್ಲಾಡಿಸುತ್ತಾ ನಿಂತಿದ್ದ. ಕೊನೆಗೆ ಕೈ ಮುಗಿದು, "ತಪ್ಪಾಯ್ತು ಮೇಡಂ, ಒಪ್ಕಂಡೆ" ಅಂದು ಹೋದ. ನಾನು ಗೆದ್ದೆ ಅಂದುಕೊಂಡು ಹಿಗ್ಗಿದೆ. ಬಹುಮಾನ ನಮಗೆ ಬರಲಿಲ್ಲ. ಬಲ್ಬು ಹಾಕಿ ಹೊಗೆ ಬಿಡಿಸಿದ ಒಂದು ಮಣ್ಣಿನ ಜ್ವಾಲಾಮುಖಿಗೆ ಹೋಯಿತು. ಸಂಜೆಗೆ ಪಟವನ್ನು ತಂದು ಮೊದಲಿದ್ದಲ್ಲೇ ಇಟ್ಟೆ. ಚಿತ್ತಮ್ಮನಿಗೆ ಸಿರಾದಲ್ಲಿ ಕೊಡಿಸಿದ್ದ ರಿಬ್ಬನ್ನನ್ನು ಅವಳ ಜಡೆಗೆ ನಾನೇ ಕಟ್ಟುತ್ತಾ, "ಸಾರಿಗೆ ಪಟದ ವಿಷಯ ಹೇಳಬೇಡ, ಸುಮ್ಮನೆ ಬೇಜಾರು ಮಾಡ್ಕೋತಾರೆ" ಅಂದೆ. ಒಂದು ಮಗುವಿನ ಬಾಯಿಗೆ ನಾನು ಹೀಗೆ ರಿಬ್ಬನ್ನು ಕಟ್ಟಿದೆ.

ಯುಗಾದಿಗೂ ಅದರ ಮಾರನೇ ದಿನಕ್ಕೂ ಯಾರೂ ಕೆರೆಗೆ ಗಾಡಿ ಇಳಿಸುವುದಿಲ್ಲ. ಶಾಲೆಗೂ ರಜೆ. ಮೇಷ್ಟ್ರು ಅಷ್ಟರಲ್ಲಿ ಪಾವಗಡದಿಂದ ಮರಳಿದ್ದರು. ಮೂರನೇ ದಿನ ಬೆಳಿಗ್ಗೆ ಪಾಳಿಗೆ ಹೋದ ಮಕ್ಕಳು ಓಡಿಬಂದವು. ಹೋಗಿ ನೋಡಿದರೆ ಕೆರೆಯ ತುಂಬ ಗುಂಡಿಗಳು. ಮೂವತ್ತೊಂದು. ಅಲ್ಲಿ ಇಲ್ಲಿ ಹುಡುಕಿದ, ತಪ್ಪಿ ಅಗೆದ ಗುರುತು ಒಂದೂ ಇಲ್ಲ. ಪಟದಲ್ಲಿ ಎಲ್ಲೆಲ್ಲಿ ಚುಕ್ಕೆ ಇತ್ತೋ ಅಲ್ಲಲ್ಲೇ. ಒಂದು ಗುಂಡಿಯ ಅಂಚಿನಲ್ಲಿ ಒಡೆದ ಮೊಟ್ಟೆಗಳು ಬಿದ್ದಿದ್ದವು. ಮಕ್ಕಳು ಅಳಲಿಲ್ಲ, ಗುಂಡಿಯಿಂದ ಗುಂಡಿಗೆ ಹೋಗಿ ಒಳಗೆ ಕೈಯಾಡಿಸಿ ನೋಡುತ್ತಿದ್ದವು. ಮೇಷ್ಟ್ರು ಏರಿಯ ಮೇಲೆ ನಿಂತೇ ಇದ್ದರು, ಕೆಳಗೆ ಇಳಿಯಲಿಲ್ಲ.

ಆಗ ಚಿತ್ತಮ್ಮನ ಅಪ್ಪ ಕುರಿ ಹೊಡೆದುಕೊಂಡು ಅಲ್ಲಿಗೆ ಬಂದ. ಯುಗಾದಿ ಮಾರನೇ ದಿನ ಎರಡು ಆಳು ಸೈಕಲ್ಲಿನಲ್ಲಿ ಕಂಬಿ, ಗೋಣಿಚೀಲ ಕಟ್ಟಿಕೊಂಡು ಬಂದಿದ್ದನ್ನು ಅವನು ದೂರದಿಂದ ಕಂಡಿದ್ದನಂತೆ. ಮೀನಿನವರು ಅಂದುಕೊಂಡಿದ್ದ.

"ಒಬ್ಬ ಇಂಗೆ ದೊಡ್ಡಾಳು ಸ್ವಾಮಿ, ಅಂಗಿಗೆ ಪೆನ್ನು ಸಿಗಿಸ್ಕಂಡಿದ್ದ. ತೂಬಿನ ತಾವಿಂದ ಎಳೆ ಮಕ್ಳಂಗೆ ಸಣ್ ಸಣ್ ಹೆಜ್ಜೆ ಇಡ್ತಾ ಎಣಿಸ್ಕಂಡು ನಡೀತಿದ್ದ. ಕುಡಿದವ್ನೆ ಅಂತ ನಗು ಬಂತು ನಂಗೆ" ಅಂದು ಅವನು ಆ ನಡಿಗೆಯನ್ನು ನಡೆದೂ ತೋರಿಸಿದ.

ಆ ಪೆನ್ನು ಯಾರದೆಂದು ನನಗೆ ಗೊತ್ತಿತ್ತು. ಮೇಷ್ಟ್ರು ಅವನನ್ನು ನೋಡಿದರು, ಆಮೇಲೆ ತಿರುಗಿ ಶಾಲೆಗೆ ನಡೆದರು. ಅವತ್ತು ಇಡೀ ದಿನ ಅವರು ನೀರು ಸೇದಿದರು. ಹಂಡೆ ತುಂಬಿತು, ತೊಟ್ಟಿ ತುಂಬಿತು, ಗಿಡಗಳಿಗೆ ಹಾಕಿದರು, ಜಗಲಿ ತೊಳೆದರು. ನಾನು ಒಳಗೆ ಕೂತು ಮಗ್ಗಿ ಹೇಳಿಸುತ್ತಿದ್ದೆ.

ನಾಲ್ಕು ದಿನಕ್ಕೆ ಊರಿನವರು ಶಾಲೆಯ ಜಗಲಿಗೆ ಬಂದರು. ಪಟ ನೋಡದೆ ಹಾಗೆ ಅಗೆಯಲು ಆಗುವುದಿಲ್ಲ ಎಂಬುದು ಎಲ್ಲರಿಗೂ ಹೊಳೆದಿತ್ತು. ಮಗಳ ಮಾತಿಗೆ ಗಾಡಿ ತಿರುಗಿಸಿದ್ದ ಅದೇ ಗೌಡ ಮುಂದೆ ಕೂತ.

"ಮೇಷ್ಟ್ರೇ, ಬೀಗದ ಕೈ ಯಾರ್ ತಾವಿತ್ತು?"

ನಾನು ಬಾಗಿಲ ಪಕ್ಕ ನಿಂತಿದ್ದೆ. ಮೇಷ್ಟ್ರು ನನ್ನ ಕಡೆ ತಿರುಗಲಿಲ್ಲ.

"ಶಾಲೆ ಬೀರು. ಜವಾಬ್ದಾರಿ ನಂದು" ಅಂದರು.

"ಅಂಗಾರೆ ಪಟ ಹೆಂಗೆ ಆಚಿಕೆ ಹೋಯ್ತು? ನೀವೇ ಹೇಳಿದ್ರಂತಲ್ಲ ಮಕ್ಳಿಗೆ, ನಮ್ದು ಆಮೆ ಹಿಡಿಯೋ ಮನೆ, ನಾನೂ ಕಂಬಿ ಹಿಡಿದೋನು ಅಂತ? ನಮ್ಗೆ ಒಳ್ಳೆ ಗೋಡು ಮುಟ್ಟಕ್ಕೆ ಬುಡ್ದಂಗೆ ಕಾಯಿಸಿ, ನಿಮ್ ಕಡೆಯೋರಿಗೆ ಕೊಟ್ಬುಟ್ರಾ?"

ಮೇಷ್ಟ್ರು, "ಕಂಬಿ ಹಿಡಿದಿದ್ದು ನಿಜ. ಇದು ನಾನು ಮಾಡಿದ್ದಲ್ಲ" ಅಂದರು. ಅಷ್ಟೇ. ಅವರ ಬಾಯಿಂದ ತಾನೇ ಹೊರಟ ನಿಜವನ್ನೇ ಹಿಡಿದು ಜನ ಅವರನ್ನು ಕಟ್ಟಿಹಾಕಿದರು. ನನ್ನ ಬಾಯಿಂದ ಹೊರಡದ ನಿಜ ನನ್ನನ್ನು ಚೆನ್ನಾಗಿ ಕಾಪಾಡಿತು. ನಾನು ಆ ಹೊತ್ತಿನಲ್ಲಿ ಏನು ಯೋಚಿಸುತ್ತಿದ್ದೆ ಎಂಬುದು ಚೆನ್ನಾಗಿ ನೆನಪಿದೆ. ಸಾಹೇಬರ ಡೈರಿಯಲ್ಲಿ ನನ್ನ ಹೆಸರಿದೆ, ಈಗ ಹೇಳಿದರೆ ವರ್ಗ ತಪ್ಪುತ್ತದೆ, ನಾಳೆ ಹೇಳಿದರೂ ಆದೀತು. ಇಷ್ಟೇ ನನ್ನ ಯೋಚನೆ.

ಮಾರನೇ ದಿನ ಮೇಷ್ಟ್ರು ಕ್ಲಾಸಿನಲ್ಲಿ ಒಂದು ಪ್ರಶ್ನೆ ಕೇಳಿ, ಉತ್ತರ ಹೇಳಿದ ಹುಡುಗಿಗೆ ಕಡಲೆಕಾಯಿ ಚಾಚಿದರು. ಅವಳು ಕೈ ಹಿಂದಕ್ಕೆ ಕಟ್ಟಿಕೊಂಡಳು. "ನಮ್ಗೆ ಬ್ಯಾಡ ಸಾ" ಅಂದಳು. ಪಕ್ಕದವಳೂ ಬೇಡ ಅಂದಳು. ಇಡೀ ಸಾಲು ಬೇಡ ಅಂದಿತು. ಅವರು ಚಾಚಿದ ಕೈಯನ್ನು ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದು, ಆಮೇಲೆ ಕಾಯನ್ನು ಜೇಬಿಗೆ ಹಾಕಿಕೊಂಡು ಪಾಠ ಮುಂದುವರಿಸಿದರು. ಅವತ್ತು ಅವರು ಕೊಡ ಮುಟ್ಟಲಿಲ್ಲ. ನನ್ನ ಬಾಳಿನಲ್ಲಿ ನಾನು ನೋಡಬಾರದಿದ್ದದ್ದು ಏನಾದರೂ ಇದ್ದರೆ ಅದು ಆ ಚಾಚಿದ ಕೈ.

ಊರಿನವರು ಅರ್ಜಿ ಕೊಟ್ಟರು. ಅವರನ್ನು ಪಾವಗಡದ ಗಡಿಯ ಒಂದು ಹಳ್ಳಿಗೆ ಹಾಕಿದ ಆರ್ಡರು ಬಂತು. ಹೊರಟ ದಿನ ಟ್ರಂಕನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿ, ತಳ್ಳಿಕೊಂಡು ಹೋದರು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕಳಿಸಿಕೊಡಬೇಕಾದವಳು ನಾನು. ಪಾಠ ಬಿಡಬೇಡಿ ಅಂತ ಬಾಗಿಲು ಅರ್ಧ ಮುಂದೆ ಮಾಡಿಕೊಂಡು ಒಳಗೇ ಇದ್ದೆ. ಮುಂದಿನ ವರ್ಷ ನನಗೆ ಮಧುಗಿರಿಗೆ ವರ್ಗವಾಯಿತು. ನಮ್ಮ ಮನೆಯಲ್ಲಿ ಅವತ್ತು ಹೋಳಿಗೆ ಮಾಡಿದರು.

ಆಮೇಲೆ ಒಂದೇ ಸಲ ಅವರನ್ನು ಕಂಡೆ, ಎಂಬತ್ತರ ದಶಕದ ಮಧ್ಯದಲ್ಲಿ, ಕೊರಟಗೆರೆ ಬಸ್ ನಿಲ್ದಾಣದಲ್ಲಿ. ಇನ್ನೂ ಸಣಕಲಾಗಿದ್ದರು. ಒಂದು ಮಗುವಿಗೆ ಬಸ್ಸಿನ ಬೋರ್ಡು ಓದಲು ಹೇಳಿಕೊಡುತ್ತಿದ್ದರು, ಯಾರ ಮಗುವೋ. ನಾನು ಹೋಗಿ ಮಾತಾಡಿಸಬೇಕು ಅಂತ ನಾಲ್ಕು ಹೆಜ್ಜೆ ಇಟ್ಟೆ. ಆಮೇಲೆ ಹೂವಿನ ಅಂಗಡಿಯ ಹಿಂದೆ ಸರಿದು, ಬೇಡದ ಒಂದು ಮೊಳ ಹೂವು ಕೊಂಡು, ಅವರ ಬಸ್ಸು ಹೊರಡುವ ತನಕ ಅಲ್ಲೇ ನಿಂತೆ.

ಅವರು ತೀರಿಕೊಂಡ ಸುದ್ದಿ ಬಂದಾಗ ದಶಕ ಮುಗಿಯುತ್ತಾ ಬಂದಿತ್ತು. ಈ ಸಲ ಹೇಳಿಯೇ ಬಿಡುತ್ತೇನೆ, ಅವರ ಹೆಂಡತಿಯ ಕಾಲು ಹಿಡಿದಾದರೂ ಹೇಳುತ್ತೇನೆ ಅಂತ ನಿಶ್ಚಯಿಸಿ, ಹನ್ನೊಂದನೆಯ ದಿನದ ಕಾರ್ಯಕ್ಕೆ ಪಾವಗಡಕ್ಕೆ ಹೋದೆ. ಬೆಟ್ಟದ ಬುಡದಲ್ಲಿ ಸಣ್ಣ ಮನೆ. ಅಂಗಳದಲ್ಲಿ ಒಬ್ಬ ಹೆಂಗಸು ಮಗುವನ್ನು ಸೊಂಟಕ್ಕೇರಿಸಿಕೊಂಡೇ ಪಾತ್ರೆ ಜೋಡಿಸುತ್ತಿದ್ದಳು. ಸಣ್ಣ ಆಳು. ಗುರುತು ಹಿಡಿದವಳು ಅವಳೇ. "ಮೇಡಂ, ನಾನು ಚಿತ್ತಮ್ಮ" ಅಂದಳು. ಕೊರಟಗೆರೆಯ ಹತ್ತಿರದ ಹಟ್ಟಿಯೊಂದಕ್ಕೆ ಕೊಟ್ಟಿದ್ದರಂತೆ. ಮೇಷ್ಟ್ರು ವರ್ಷಕ್ಕೊಂದು ಕಾರ್ಡು ಹಾಕುತ್ತಿದ್ದರಂತೆ.

ಒಳಗೆ ಮೇಷ್ಟ್ರ ಹೆಂಡತಿ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಅವರ ಕನ್ನಡವೂ ಅರ್ಧ ತೆಲುಗು.

"ನೀವು ಆ ಸಿರಾ ಕಡೆ ಶಾಲೇಲಿ ಜೊತೆಗಿದ್ದೋರು ಕದಮ್ಮಾ? ಅಲ್ಲಿಂದ ಬಂದ್ಮೇಲೆ ಮನುಷ್ಯ ಒಂಥರಾ ಆಗಿಬಿಟ್ರು. ಏಮಾಯಿಂದಿ, ಏನಾಯ್ತು ಅಂತ ಎಷ್ಟು ಕೇಳಿದ್ರೂ ಬಾಯಿ ಬಿಡಲಿಲ್ಲ. ನಿಮಗೇನಾದ್ರೂ ಗೊತ್ತಾ?"

ಇದಕ್ಕಿಂತ ಸಲೀಸಾದ ಬಾಗಿಲನ್ನು ಯಾರಿಗೂ ಯಾರೂ ತೆರೆದಿರಲಾರರು. ನಾನು ಅವರ ಕೈಯನ್ನು ಒತ್ತಿ, "ಇಲ್ಲಮ್ಮ, ನನಗೇನೂ ತಿಳಿಯದು. ಅವರಂಥ ಮೇಷ್ಟ್ರು ಸಿಗಲ್ಲ ಬಿಡಿ" ಅಂದೆ. ಎಲೆ ಹಾಕಿದರು, ಪಾಯಸ ಬಡಿಸಿದರು, ಊಟ ಮಾಡಿದೆ.

ಸಂಜೆಯ ಬಸ್ಸಿನಲ್ಲಿ ಚಿತ್ತಮ್ಮ ನನ್ನ ಪಕ್ಕ ಕೂತಳು. ಮಧುಗಿರಿಯ ತನಕ ದಾರಿ ಒಂದೇ. ಕೊನೆಗೆ ನಾನೇ ಬಾಯಿ ಬಿಟ್ಟೆ. ಅವಳೊಬ್ಬಳ ಎದುರು ನನಗೆ ಬಚ್ಚಿಡುವುದು ಏನೂ ಇರಲಿಲ್ಲ.

"ಚಿತ್ತಮ್ಮ, ಅವತ್ತು ನಿನ್ನ ಕೈಲಿ ಸುಳ್ಳು ಹೇಳಿಸಿದೆ. ಸಾರಿಗೆ ಹೇಳಬೇಡ ಅಂದೆ. ಅದನ್ನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು..."

"ನಾನು ಇಟ್ಕಳ್ಲಿಲ್ಲ ಮೇಡಂ" ಅಂದಳು. "ಗುಂಡಿ ನೋಡಿದ್ ದಿನಾನೇ ಸಾರಿಗೆ ಹೇಳ್ಬುಟ್ಟೆ. ಬಾವಿ ತಾವ ನೀರ್ ಸೇದ್ತಿದ್ರಲ್ಲ, ಅವಾಗ."

"ಏನಂದ್ರು?"

"ನಿಂದೇನೂ ತಪ್ಪಿಲ್ಲ ಕಣಮ್ಮ ಅಂದ್ರು. ಮೇಡಂ ಹೆಸ್ರು ಎಲ್ಲೂ ಎತ್ತಬ್ಯಾಡ, ಅವರೇ ಹೇಳ್ತಾರೆ, ಹೇಳಕ್ಕೆ ಒಂದೆಲ್ಡ್ ದಿನ ಬೇಕಾಯ್ತದೆ ಅಂದ್ರು. ಆಮೇಕೆ ದಿನಾ ಇಸ್ಕೂಲ್ ಬುಟ್ ಮ್ಯಾಕೆ ನನ್ನ ಕೇಳೋರು, ಮೇಡಂ ಏನಾರ ಹೇಳಿದ್ರಾ ಚಿತ್ತಮ್ಮಾ ಅಂತ. ಇಲ್ಲ ಸಾ ಅನ್ನೋಳು ನಾನು. ಟ್ರಂಕ್ ಕಟ್ಕಂಡ್ ಹೊಂಟ್ರಲ್ಲ, ಏರಿ ಗಂಟ ನಾನು ಹೋಗಿದ್ದೆ. ಅವತ್ತೂ ಕೇಳಿದ್ರು."

ಬಸ್ಸು ಯಾವುದೋ ಊರಲ್ಲಿ ನಿಂತು, ಜನ ಹತ್ತಿ, ಮತ್ತೆ ಹೊರಟಿತು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಮಡಿಲಲ್ಲಿ ನಿದ್ದೆಹೋದ ಮಗುವಿನ ತಲೆಯನ್ನು ಇನ್ನೊಂದು ತೋಳಿಗೆ ಬದಲಿಸಿಕೊಂಡು, ಅವಳು ನನ್ನ ಮುಖ ನೋಡಿದಳು.

"ಇವತ್ತು ಅಮ್ಮಾವ್ರ ತಾವ ಕೂತಿದ್ರಲ್ಲ, ಹೇಳಿದ್ರಾ ಮೇಡಂ?"

"ಇಲ್ಲ ಚಿತ್ತಮ್ಮ" ಅಂದೆ.